ಟೊಮ್ಯಾಟೊ ಗಿಡಕ್ಕೆ ನುಗ್ಗಿದ ಟಗರು

ಮದುವೆಯಾಗಿ ಮೊಳಕಾಲ್ಮೂರು ಕಡೆಯ ಆ ಹಳ್ಳಿಗೆ ಬಂದ ಮೂರನೇ ವರ್ಷ ಹಿತ್ತಲಲ್ಲಿ ಟೊಮ್ಯಾಟೊ ಹಾಕಿದೆ. ಬೀಜ ಚಳ್ಳಕೆರೆ ಸಂತೆಯಲ್ಲಿ ಕೊಂಡ ಹಣ್ಣಿನದು. ಕೋಳಿಮೊಟ್ಟೆಯಂತೆ ಉದ್ದನೆಯ ಹಣ್ಣು, ದಪ್ಪ ಸಿಪ್ಪೆ, ಹಿಚುಕಿದರೆ ನೀರಲ್ಲ, ತಿರುಳೇ ಬರುತ್ತಿತ್ತು. ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಬೀಜದಿಂದ ಹನ್ನೆರಡು ಗಿಡ ಉಳಿದವು. ಗಂಡ ಲಾರಿ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ನಾನು ಕೂಲಿಯಿಂದ ಬಂದು ಪಾತ್ರೆ ತೊಳೆದ ನೀರನ್ನೆಲ್ಲ ಆ ಗಿಡಗಳಿಗೆ ಹೊಯ್ಯುತ್ತಿದ್ದೆ. ಆ ಮನೆಯಲ್ಲಿ ನನ್ನದು ಅನ್ನಿಸಿದ್ದು ಅವಷ್ಟೇ.

ಪಕ್ಕದ ಮನೆಯವರು ಕುರಿ ಕಾಯುವವರು. ವಯಸ್ಸಾದವರು, ನಾನು ಮಾವ ಎನ್ನುತ್ತಿದ್ದೆ. ಕಾಳಗಕ್ಕೆಂದು ಒಂದು ಟಗರು ಸಾಕಿದ್ದರು. ಅದಕ್ಕೆ ಹುರುಳಿ ಬೇಯಿಸಿ ಹಾಕಿ, ಕೊಂಬಿಗೆ ಎಣ್ಣೆ ತಿಕ್ಕುತ್ತಿದ್ದರು. ನಮ್ಮ ಜೊತೆ ಕನ್ನಡ, ಟಗರಿನ ಜೊತೆ ತೆಲುಗು. ಅದು ಎರಡು ಸಲ ನನ್ನ ಜಾಲಿಮುಳ್ಳಿನ ಬೇಲಿ ಮುರಿದು ಒಳಗೆ ಬಂದಿತ್ತು.

‘ಮಾವ, ಗಟ್ಟಿ ಹಗ್ಗ ಹಾಕ್ರಿ,’ ಎಂದೆ.

‘ಮೂಕಪ್ರಾಣಿ ಕಣವ್ವ. ಎಲ್ಡು ಎಲೆ ತಿಂದ್ರೆ ಏನಾತು?’ ಎಂದು ನಕ್ಕರು.

ಹಣ್ಣು ಕೆಂಪಾಗುತ್ತಿದ್ದ ಹೊತ್ತು. ಒಂದು ಮಧ್ಯಾಹ್ನ ಕುಕ್ಕರುಗಾಲಲ್ಲಿ ಕೂತು, ಭಾರಕ್ಕೆ ಬಾಗಿದ ಗಿಡಗಳನ್ನು ಹಳೇ ಸೀರೆಯ ಚೂರಿನಿಂದ ಕೋಲಿಗೆ ಕಟ್ಟುತ್ತಿದ್ದೆ. ಹಿಂದಿನಿಂದ ಟಗರು ಸೊಂಟಕ್ಕೆ ಗುದ್ದಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದೆ. ಎಡಗೈ ಮಣಿಕಟ್ಟು ಲಟಕ್ಕೆಂದಿತು. ತಿರುಗಿ ನೋಡಿದರೆ ಅದು ಹಿಂದಕ್ಕೆ ಹೆಜ್ಜೆ ಇಡುತ್ತಿತ್ತು. ಟಗರು ಹಿಂದೆ ಸರಿಯುವುದು ಯಾಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ಗೋಡೆಗೆ ಒರಗಿಸಿದ್ದ ಲಾರಿಯ ಕಬ್ಬಿಣದ ರಾಡು ಬಲಗೈಗೆ ಸಿಕ್ಕಿತು. ಮೊದಲ ಏಟು ಹಣೆಗೆ ಬಿದ್ದು ರಾಡೇ ಪುಟಿಯಿತು. ಎರಡನೆಯದು ಕೊಂಬಿನ ಬುಡಕ್ಕೆ. ಕೊಂಬು ಮುರಿದು ಚರ್ಮದಲ್ಲಿ ಜೋತಾಡಿತು, ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಟಗರು ಮಂಡಿಯೂರಿ ಕುಸಿಯಿತು. ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ದವಡೆಗೆ ಹೊಡೆದೆ. ಮತ್ತೆ ಹೊಡೆದೆ. ನಿಜ ಹೇಳಬೇಕೆಂದರೆ, ಆ ಕೊನೆಯ ಏಟುಗಳು ನನಗೆ ಹಿತವಾಗಿದ್ದವು.

ಮಾವ ಬೇಲಿ ದಾಟಿ ಓಡಿಬಂದರು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ‘ಲೇ ನಾಯನಾ, ಲೇ,’ ಎಂದು ತೆಲುಗಿನಲ್ಲಿ ಗೋಗರೆದರು, ಏಳಪ್ಪಾ ಏಳು ಅಂತ. ಅದು ಏಳಲಿಲ್ಲ. ಆಮೇಲೆ ಮಾವ ಎದ್ದು ನನ್ನ ಗಿಡಗಳನ್ನು ಒಂದೊಂದಾಗಿ ಕಿತ್ತು ತುಳಿದರು. ಅದೇ ಗಿಡದ ಕೋಲು ತಗೊಂಡು, ನೆಲಕ್ಕೆ ಕುಸಿದಿದ್ದ ನನ್ನ ಬೆನ್ನಿಗೆ, ಭುಜಕ್ಕೆ ಬಾರಿಸಿದರು. ನಾನು ಕೈ ಅಡ್ಡ ಹಿಡಿಯಲೂ ಇಲ್ಲ. ಅವರ ಹೆಂಡತಿ ಓಡಿಬಂದು ನನ್ನ ಮೇಲೆ ಬಿದ್ದರು. ಒಂದೇಟು ಅವರಿಗೂ ಬಿತ್ತು. ಆಗ ಕೋಲು ಮುರಿಯಿತು.

ನನ್ನನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಮಾವನ ಹೆಂಡತಿಯೇ. ಇನ್ನು ಬದುಕುವುದಿಲ್ಲವೆಂದು ಟಗರನ್ನು ಅವತ್ತೇ ಸಂಜೆ ಕೊಯ್ದರಂತೆ.

ಗಂಡ ಬಂದವರೇ ರಾಡು ಹಿಡಿದು ಹೊರಟರು. ಬಾಗಿಲಿಗೆ ಅಡ್ಡ ನಿಂತೆ. ‘ಅದು ಬಿದ್ದ ಮ್ಯಾಲೂ ಹೊಡದೀನ್ರಿ,’ ಎಂದು ಅಳತೊಡಗಿದೆ.

‘ಕೈ ಮುರುದೈತೆ, ಕುರಿಗೋಸ್ಕರ ಅಳ್ತೀಯೇನೇ?’ ಎಂದರು. ಆದರೆ ರಾಡು ಕೆಳಗಿಟ್ಟರು.

ಕೈಯ ಪಟ್ಟಿ ಬಿಚ್ಚಿದ ಮೇಲೆ ನಾನೇ ಅವರ ಮನೆಗೆ ಹೋದೆ. ಮಾವ ಕಟ್ಟೆಯ ಮೇಲೆ ಕಂಬಳಿ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

‘ಗುದ್ದಾಕೆ ಬಂದಾಗ ಹೊಡದಿದ್ದು ಸರಿ. ಬಿದ್ದಿದ್ದನ್ನ ಯಾಕೆ ಹೊಡದೆ? ನಾನು ನೋಡ್ದೆ,’ ಎಂದರು.

‘ಹೌದು ಮಾವ, ತಪ್ಪು. ನೀವೂ ಬಿದ್ದೋಳ್ನೇ ಹೊಡದ್ರಿ.’

ಸೂಜಿ ನಿಂತಿತು. ಅವರ ಕಣ್ಣು ನನ್ನ ಸೊಟ್ಟ ಮಣಿಕಟ್ಟಿನ ಮೇಲಿತ್ತು.

‘ನೋಯ್ತದಾ?’ ಎಂದರು ಕೊನೆಗೆ.

‘ಬಟ್ಟೆ ಹಿಂಡಾಕೆ ಆಗಲ್ಲ,’ ಎಂದೆ.