ಪರದೆ ಇಳಿಸುವ ಹೆಬ್ಬೆರಳು

ನನ್ನ ಹಾಸ್ಯ ಭಾಷಣಕ್ಕೆ ಜನ ಮೊದಲ ಸಲ ಮನಸಾರೆ ನಕ್ಕದ್ದು ಪರದೆ ಬಿದ್ದ ಮೇಲೆ. ಪರದೆ ಬಿದ್ದದ್ದು ಭಾಷಣ ಮುಗಿದ ಮೇಲಲ್ಲ, ಅದರ ನಟ್ಟನಡುವೆ.

ನಮ್ಮ ರಂಗಮಂದಿರದ ವಾರ್ಷಿಕ ಸಭೆ ಅದು. ನನಗೆ ಓಡಾಡುತ್ತ ಮಾತನಾಡುವ ಚಾಳಿ. ನಿಂತಲ್ಲೇ ನಿಂತರೆ ಎಸೆಯುವವರಿಗೆ ಗುರಿ ಸಿಗುತ್ತದೆ ಎಂದು ಎಂದೋ ಮನಸ್ಸಿಗೆ ಹೊಕ್ಕಿದೆ. ಹಾಗೆ ವೇದಿಕೆಯ ಅಂಚಿನವರೆಗೆ ಹೋಗಿ ತಿರುಗುವಾಗ ಕಾಲಿಗೆ ತಂತಿಯೊಂದು ತೊಡರಿತು. ದೀಪಗಳೆಲ್ಲ ಒಮ್ಮೆಗೇ ಆರಿದವು. ಎಲ್ಲೋ ಗಂಟೆ ಬಾರಿಸಿತು. ಪರದೆ ನನ್ನ ಮೂಗನ್ನು ಸವರಿಕೊಂಡು ಸರ್ರನೆ ಕೆಳಗಿಳಿಯಿತು. ಮೈಕು ಆ ಕಡೆ, ನಾನು ಈ ಕಡೆ. ಹೊರಗೆ ನಗು, ಚಪ್ಪಾಳೆ, ಶಿಳ್ಳೆ. ಒಳಗೆ ಕತ್ತಲಲ್ಲಿ ಅಕ್ಕನ ದನಿ:

"ಪುಟ್ಟಾ, ಕಾಲು ಎತ್ತು. ಎರಡೂ ಒಟ್ಟಿಗೆ ಬೇಡ."

ಪುಟ್ಟ ಎಂದರೆ ನಾನೇ. ತಲೆ ಅರ್ಧ ಬೋಳಾಗಿದ್ದರೂ ಅಕ್ಕನ ಬಾಯಲ್ಲಿ ನನಗೆ ಬಡ್ತಿ ಸಿಕ್ಕಿಲ್ಲ. ಅಕ್ಕ ಈ ರಂಗಮಂದಿರದಲ್ಲಿ ಪರದೆ ಎಳೆಯುವವಳು. ಮದುವೆಗೆ ಮುಂಚೆ ಸೇರಿದ ಕೆಲಸ. ಹಗ್ಗ ಹಿಡಿದರೆ ನಟರು ಕೂಡ ಅವಳ ಮುಖ ನೋಡಿ ಮಾತಿಗೆ ಉಸಿರು ತೆಗೆದುಕೊಳ್ಳುತ್ತಿದ್ದರು. ನಾಯಕ ಸತ್ತರೆ ಪರದೆ ಒಂದು ವೇಗ, ಅತ್ತೆ ಸೊಸೆ ರಾಜಿಯಾದರೆ ಇನ್ನೊಂದು ವೇಗ. ನಾಟಕ ತೀರಾ ಕೆಟ್ಟದಾಗಿದ್ದರೆ ಮೂರನೆಯದೊಂದು ವೇಗವಿತ್ತು. ಅದನ್ನು ಅವಳು ಕರುಣೆ ಎಂದು ಕರೆಯುತ್ತಿದ್ದಳು.

ಈ ಸಭೆಗೆ ಸ್ವಲ್ಪ ಮುಂಚೆ ಅವಳ ಬಲಭುಜ ಹಿಡಿದುಕೊಂಡಿತು. ಕೈ ತಲೆಯಿಂದ ಮೇಲೆ ಹೋಗಬಾರದು ಎಂದರು ಡಾಕ್ಟರು. ಕಾರ್ಯದರ್ಶಿಗಳು, ಸೊಂಟದಲ್ಲಿ ಬೀಗದ ಕೈ ಗೊಂಚಲು ಝಣಗುಡಿಸಿಕೊಂಡು ಓಡಾಡುವ ಮನುಷ್ಯ, ಒಂದು ಕಂಪನಿಯನ್ನು ಕರೆಸಿ ಪರದೆಯ ಮೋಟಾರು ತೋರಿಸಿದರು. ಗುಂಡಿ ಒತ್ತಿದರೆ ಮೇಲೆ, ಒತ್ತಿದರೆ ಕೆಳಗೆ. ಅಕ್ಕ ನೋಡಿದಳು. "ಸತ್ತವನಿಗೂ ನಕ್ಕವನಿಗೂ ಒಂದೇ ವೇಗ," ಎಂದಳು. "ಲಿಫ್ಟಿಗೆ ಹಾಕ್ಕೊಳ್ಳಿ."

ಅಂದೇ ಮನೆಗೆ ಬಂದು ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದಳು. ಇಳಿಸಿದ್ದು ನಾನು, ಇಳಿಸೆಂದದ್ದು ಅವಳು. ಒಳಗೆ ನಾವು ಚಿಕ್ಕವರಿದ್ದಾಗ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಗೇಮಿನ ಕಂಟ್ರೋಲರ್ ಇತ್ತು. ಎಡಕ್ಕೆ ಕೂಡಿಸುವ ಚಿಹ್ನೆಯಂಥ ದಿಕ್ಕಿನ ಗುಂಡಿ, ನಡುವೆ ಎರಡು ಸಣ್ಣ ಗುಂಡಿ, ಬಲಕ್ಕೆ ಎರಡು ಕೆಂಪು ಗುಂಡಿ. ಗೇಮಿನ ಪೆಟ್ಟಿಗೆ ಯಾವತ್ತೋ ಕಣ್ಣು ಮುಚ್ಚಿತ್ತು. ಇದೊಂದು ಉಳಿದಿತ್ತು.

"ಎರಡು ಸ್ವಿಚ್ಚು ಹಾಕಿದ್ರೆ ಸಾಕಲ್ವೇನೇ ಅಕ್ಕ?"

"ಸ್ವಿಚ್ಚು ನೋಡ್ಕೊಂಡು ಒತ್ತಬೇಕು. ನನ್ನ ಕಣ್ಣು ನಟನ ಮೇಲಿರಬೇಕು. ಇದಾದ್ರೆ ಹೆಬ್ಬೆರಳಿಗೇ ಗೊತ್ತು." ಅದರ ಧೂಳು ಒರೆಸುತ್ತ ಸೇರಿಸಿದಳು: "ನಿನ್ನನ್ನ ಸೋಲಿಸಿ ಸೋಲಿಸಿ ಪಳಗಿದ ಬೆರಳು."

ಹವ್ಯಾಸಕ್ಕೆಂದು ಮಾರುವ, ಬರೆದುಕೊಟ್ಟ ಸೂಚನೆಯಂತೆ ಯಂತ್ರ ನಡೆಸುವ, ಬೆಂಕಿಪೊಟ್ಟಣದಷ್ಟು ಅಗಲದ ಮೈಕ್ರೋಕಂಟ್ರೋಲರ್ ಬೋರ್ಡೊಂದನ್ನು ತರಿಸಿದಳು. ಅಡುಗೆಮನೆಯ ಮೇಜು ಕಾರ್ಖಾನೆಯಾಯಿತು. ಮೂಲ ತಂತಿಯನ್ನು ಕತ್ತರಿಸಲು ಮಾತ್ರ ಒಪ್ಪಲಿಲ್ಲ. ಅದರ ಪ್ಲಗ್ಗಿಗೆ ಹೊಂದುವ ಉದ್ದನೆಯ ಎಕ್ಸ್‌ಟೆನ್ಷನ್ ತಂತಿ ಹುಡುಕಿ ಅದನ್ನು ಕತ್ತರಿಸಿದಳು. ಒಳಗೆ ಐದು ಎಳೆ. ಬಣ್ಣ ನಂಬಬೇಡ, ಒಬ್ಬೊಬ್ಬ ತಯಾರಕನದು ಒಂದೊಂದು ಬಣ್ಣ ಎಂದು ಮೀಟರಿನ ಕಡ್ಡಿ ಮುಟ್ಟಿಸಿ, ಕೀಂ ಎಂದದ್ದನ್ನೆಲ್ಲ ಗುರುತು ಹಾಕಿದಳು. ಭಾವ ಬಾಗಿಲಲ್ಲಿ ನಿಂತು, "ಊಟದ ತಟ್ಟೆ ಎಲ್ಲಿಡಲಿ?" ಎಂದು ಕೇಳಿದರು. "ತೊಡೆ ಮೇಲೆ," ಎಂದಳು. ಭಾವ ಹಾಗೆಯೇ ಮಾಡಿದರು. ಸಂಸಾರದಲ್ಲಿ ಪಳಗಿದವರು.

ನನಗೆ ಅರ್ಥವಾಗದ್ದು ಒಂದೇ. ದಿಕ್ಕಿನದನ್ನು ನಾಲ್ಕೆಂದು ಎಣಿಸಿದರೆ ಗುಂಡಿ ಎಂಟು. ಕರೆಂಟಿನ ಎರಡು ಎಳೆ ಬಿಟ್ಟರೆ ಉಳಿದದ್ದು ಮೂರು. ಎಂಟರ ಸುದ್ದಿ ಹೇಗೆ ಬರುತ್ತದೆ?

"ಮೊದಲನೇ ಎಳೆಯಲ್ಲಿ ಬೋರ್ಡು 'ಎಲ್ಲರೂ ಇದ್ದ ಹಾಗೇ ಇರಿ' ಅನ್ನುತ್ತೆ. ಎರಡನೇದರಲ್ಲಿ 'ಮುಂದಿನವರು, ಮುಂದಿನವರು' ಅಂತ ತಟ್ಟುತ್ತೆ. ಮೂರನೇದರಲ್ಲಿ ಒಬ್ಬೊಬ್ಬರೇ ಉತ್ತರ ಹೇಳ್ತಾರೆ. ಒತ್ತದೇ ಇರೋ ಗುಂಡಿ 'ನಾನಲ್ಲ' ಅಂತ ಕೂಗುತ್ತೆ. ಒತ್ತಿದ್ದು ಸುಮ್ಮನಿರುತ್ತೆ."

"ಇದೆಂಥ ಪದ್ಧತಿ?"

"ನಮ್ಮನೇ ಪದ್ಧತಿನೇ. ಹಾಲು ಯಾರು ಕುಡಿದ್ರು ಅಂತ ಅಮ್ಮ ಕೇಳಿದ್ರೆ ನಾನು ಕೂಗ್ತಿದ್ದೆ. ನೀನು ಸುಮ್ಮನಿರ್ತಿದ್ದೆ."

ಮೇಲಿನ ಗುಂಡಿಗೆ ಪರದೆ ಮೇಲೆ, ಕೆಳಗಿನದಕ್ಕೆ ಕೆಳಗೆ. ಕೆಂಪು ಗುಂಡಿಯೊಂದನ್ನು ಒತ್ತಿ ಹಿಡಿದರೆ ನಿಧಾನ, ಇನ್ನೊಂದಕ್ಕೆ ಬೇಗ. ಉಳಿದವು ದೀಪಕ್ಕೆ, ಗಂಟೆಗೆ. ರಂಗದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮೋಟಾರಿಗೆ ಜೋಡಿಸಿ ವಾರ್ಷಿಕ ಸಭೆಯಲ್ಲಿ ಮೊದಲ ಸಲ ಕಣಕ್ಕಿಳಿಸಿದಳು. ಅದರ ತಂತಿಯನ್ನೇ ನಾನು ಕಾಲಲ್ಲಿ ಕಿತ್ತದ್ದು.

ಆ ಸಂಜೆ ಕಾರ್ಯದರ್ಶಿಗಳು ಬೀಗದ ಕೈ ಝಣಗುಡಿಸದೆ ಬಂದರು. ಅದು ಕೆಟ್ಟ ಸೂಚನೆ. "ನೋಡಿಯಮ್ಮ, ಮುಂದಿನ ತಿಂಗಳ ನಾಟಕದ ತನಕ ಬಿಡ್ತೀನಿ. ಅವತ್ತೂ ಹೀಗಾದ್ರೆ ಕಂಪನಿ ಮೋಟಾರು ಬರುತ್ತೆ, ಅವರ ಮನುಷ್ಯನೇ ನಡೆಸ್ತಾನೆ. ನೀವು ಗೇಟಲ್ಲಿ ಕೂತು ಟಿಕೆಟ್ ಹರೀಬಹುದು. ಭುಜಕ್ಕೂ ಸುಖ."

"ಟಿಕೆಟ್ ಹರಿಯೋಕೆ ಭುಜ ಬೇಡ, ನಿಜ," ಎಂದಳು ಅಕ್ಕ. "ತಲೆನೂ ಬೇಡ."

ಅಲ್ಲಿ ಹಾಗೆಂದವಳು ಹೊರಡುವಾಗ ಗೇಟಿನಲ್ಲಿ ನಿಂತು ಒಮ್ಮೆ ಒಳಗೆ ಇಣುಕಿದಳು. ಗೇಟಿನಿಂದ ವೇದಿಕೆ ಕಾಣುವುದಿಲ್ಲ. ಅದು ನನಗೂ ಗೊತ್ತಿತ್ತು. ಮನೆಗೆ ಬಂದ ಮೇಲೆ, ತಪ್ಪು ನನ್ನ ಕಾಲಿನದು ಎಂದು ಕ್ಷಮೆ ಕೇಳಹೋದೆ. "ನಿನ್ನ ಕಾಲು ಯಾವತ್ತೂ ಹಾಗೇ ಇದ್ದದ್ದು. ಅದನ್ನ ಲೆಕ್ಕಕ್ಕೆ ಹಿಡೀದೇ ಇದ್ದದ್ದು ನನ್ನ ತಪ್ಪು," ಎಂದು ಮೇಜಿಗೆ ಕೂತಳು. ತಂತಿ ಕಿತ್ತರೆ ಮೂರನೇ ಎಳೆಯಲ್ಲಿ ಯಾರೂ ಕೂಗುವುದಿಲ್ಲ. ಯಾರೂ ಕೂಗದಿದ್ದರೆ ಎಂಟೂ ಗುಂಡಿ ಒತ್ತಿದ ಹಾಗೆ. ಅದಕ್ಕೇ ದೀಪ, ಗಂಟೆ, ಪರದೆ ಎಲ್ಲ ಒಟ್ಟಿಗೆ ಕುಣಿದಿದ್ದವು. ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರೊಂದನ್ನು ಬೋರ್ಡಿನ ಬದಿಯಲ್ಲಿ ಆ ಎಳೆಗೂ ಕರೆಂಟಿನ ಎಳೆಗೂ ನಡುವೆ ಬೆಸೆದಳು. ಇನ್ನು ತಂತಿ ಕಿತ್ತರೂ ಆ ರೆಸಿಸ್ಟರು ಎಲ್ಲರ ಪರವಾಗಿ 'ನಾನಲ್ಲ, ನಾನಲ್ಲ' ಎನ್ನುತ್ತಿರುತ್ತದೆ. ಪರದೆ ಇದ್ದಲ್ಲೇ ಇರುತ್ತದೆ.

ಅಷ್ಟಕ್ಕೂ ತೃಪ್ತಿಯಿಲ್ಲ. ಕಂಟ್ರೋಲರನ್ನು ನನ್ನ ಕೈಗಿಟ್ಟು, "ಮೇಲಿಂದು ಕೆಳಗಿಂದು ಎರಡೂ ಒಟ್ಟಿಗೆ ಒತ್ತು," ಎಂದಳು. ಒತ್ತಿದೆ. ದಿಕ್ಕಿನ ಗುಂಡಿ ಒಂದೇ ತುಂಡು. ತಕ್ಕಡಿಯ ಹಾಗೆ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುತ್ತದೆ. ಎರಡೂ ಹೆಬ್ಬೆರಳಿಟ್ಟು ಹಲ್ಲು ಕಚ್ಚಿ ಅದುಮಿದೆ. ಉಗುರು ಬೆಳ್ಳಗಾಯಿತೇ ಹೊರತು ಆಗಲಿಲ್ಲ.

"ನಿನ್ನ ಕೈಲೂ ಆಗಲ್ಲ ಅಂದ್ರೆ ಯಾರ ಕೈಲೂ ಆಗಲ್ಲ," ಎಂದು ಬೋರ್ಡಿಗೆ ಇನ್ನೊಂದು ಮಾತು ಬರೆದಳು: ಎರಡೂ ಒಟ್ಟಿಗೆ ಬಂದರೆ ಅದು ಸುಳ್ಳು, ಕಿವಿಗೊಡಬೇಡ. ಹಾಳುಮಾಡುವುದರಲ್ಲಿ ನನಗಿರುವ ಪ್ರತಿಭೆ ವಿಜ್ಞಾನಕ್ಕೆ ಒದಗಿದ್ದು ಅದೊಂದೇ ಸಲ.

ನಾಟಕದ ದಿನ ಮಂದಿರ ತುಂಬಿತ್ತು. ನನ್ನನ್ನು ಅಕ್ಕನ ಪಕ್ಕದ ಸ್ಟೂಲಿನಲ್ಲಿ ಕೂರಿಸಿ ಕಾಲು ಮಡಿಸಿಡಲು ಹೇಳಲಾಗಿತ್ತು. ಮಡಿಸಿಟ್ಟೆ. ಎಲ್ಲವೂ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ನಡೆಯಿತು. ಕೊನೆಯ ದೃಶ್ಯ: ಮುದುಕ ಅಪ್ಪ ಮಗಳ ಮಡಿಲಲ್ಲಿ ಪ್ರಾಣ ಬಿಡಬೇಕು. ಅದನ್ನು ಹತ್ತಿರದಿಂದ ನೋಡಲು ಕಾರ್ಯದರ್ಶಿಗಳು ಕಣ್ಣೊರೆಸಿಕೊಳ್ಳುತ್ತ ನಮ್ಮ ಮುಂದೆ ಬಂದು ನಿಂತರು. ಟಕ್ಕೆಂದು ಸದ್ದಾಯಿತು. ತಂತಿಯ ಜೋಡಣೆ ಬಿಚ್ಚಿಕೊಂಡಿತ್ತು.

ದೀಪ ಆರಲಿಲ್ಲ. ಗಂಟೆ ಬಾರಿಸಲಿಲ್ಲ. ಪರದೆ ಕದಲಲಿಲ್ಲ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅಪ್ಪ ಸತ್ತ. ಅಕ್ಕ ಕೆಂಪು ಗುಂಡಿ ಹಿಡಿದು ಕೆಳಗಿನದನ್ನು ಒತ್ತಿದಳು. ಪರದೆ ಆಗಲೂ ಕದಲಲಿಲ್ಲ. ಸತ್ತವನು ಸತ್ತೇ ಇದ್ದ. ಮಗಳು ಏನು ಮಾಡಬೇಕೆಂದು ತಿಳಿಯದೆ ಅವನ ಹಣೆಯ ಕೂದಲು ಸರಿಸಿದಳು. ಮತ್ತೊಮ್ಮೆ ಸರಿಸಿದಳು. ಸಭೆಯಲ್ಲಿ ಯಾರೋ ಬಿಕ್ಕಿದರು, ಮತ್ತೆ ಇನ್ಯಾರೋ. ನಾನು ಎದ್ದೇಳಹೋದರೆ ಅಕ್ಕ ಕಣ್ಣಲ್ಲೇ ಕೂರಿಸಿದಳು. ಕಾರ್ಯದರ್ಶಿಗಳು ಮೂಗು ಒರೆಸಲು ಕರವಸ್ತ್ರ ತೆಗೆಯುತ್ತ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅಕ್ಕ ಬಗ್ಗಿ ಏನೋ ಸಿಕ್ಕಿಸಿದಳು. ಪರದೆ ಮಂಜು ಇಳಿದ ಹಾಗೆ ಇಳಿಯಿತು.

ಚಪ್ಪಾಳೆ ನಿಲ್ಲುವಂತೆ ಕಾಣಲಿಲ್ಲ. ಕಾರ್ಯದರ್ಶಿಗಳು ಕೆಂಪು ಕಣ್ಣಿನಲ್ಲಿ ತಿರುಗಿದರು.

"ಕಂಪನಿಯವರಿಗೆ ಬರಬೇಡಿ ಅಂತ ನಾಳೆನೇ ಹೇಳ್ತೀನಿ. ಇಷ್ಟು ವರ್ಷ ನಾಟಕ ನೋಡಿದ್ದೀನಿ, ಇಂಥ ಮೌನ ನೋಡಿಲ್ಲ. ಅಷ್ಟು ಹೊತ್ತು ಕಾಯಬೇಕು ಅಂತ ನಿಮಗೆ ಹೇಗೆ ಹೊಳೀತಮ್ಮ?"

ಅಕ್ಕ ತಂತಿ ಸುತ್ತುತ್ತ ಹೇಳಿದಳು:

"ನೀವು ಪ್ಲಗ್ಗಿನ ಮೇಲೆ ನಿಂತಿದ್ರಿ."