ಮದ್ದು ಸೊಪ್ಪಿನ ಬಣ್ಣ ಒರತೆಗೆ ಇಳಿದ ದಿನ

ನನ್ನ ತವರು ನೆಲ್ಯಹುದಿಕೇರಿ. ಕಾವೇರಿಯ ದಡದಲ್ಲಿ ಬೆಳೆದವರಿಗೆ ಮೇಲಿನ ಊರುಗಳ ಬಗ್ಗೆ ಯಾವ ಭ್ರಮೆಯೂ ಇರುವುದಿಲ್ಲ. ಮಳೆ ಹಿಡಿಯಿತೆಂದರೆ ಅವರ ದನದ ಹಟ್ಟಿಯ ಕಸ, ಕಾಫಿ ಸಿಪ್ಪೆ, ಹರಿದ ಚಾಪೆ ಎಲ್ಲ ನಾವು ಬಟ್ಟೆ ಒಗೆಯುವ ಕಲ್ಲಿಗೇ ಬಂದು ಕೂರುತ್ತಿದ್ದವು. ಹಾಗಾಗಿ ಮಡಿಕೇರಿಯಿಂದಾಚೆಯ ಗುಡ್ಡದೂರಿಗೆ ಮದುವೆಯಾಗಿ ಹೋದಾಗ, ಎಲ್ಲರೂ ಹೊಸ ಸೊಸೆಯ ಸೀರೆ ನೋಡುತ್ತಿದ್ದರೆ ನಾನು ಅವರ ಚರಂಡಿ ನೋಡುತ್ತಿದ್ದೆ.

ನೋಡುವಂಥ ಚರಂಡಿಯೇ ಅದು. ರಸ್ತೆಯ ಪಕ್ಕಕ್ಕೆ ಎಲ್ಲ ಮನೆಗಳ ಹಟ್ಟಿ, ಕಾಫಿ ಕಣ, ಎಸ್ಟೇಟಿನ ಕೂಲಿಯವರ ಲೈನು ಮನೆಗಳ ಅಂಗಳ, ಎಲ್ಲವನ್ನೂ ತೊಳೆದುಕೊಂಡು ಇಳಿಯುತ್ತಿತ್ತು. ಕೆಳಗೆ, ಏಡಿಗಳು ಕೊರೆದು ತೂತು ಮಾಡಿದ ಕಡಿದಾದ ಮಣ್ಣಿನ ದರೆಯೊಂದರ ಬುಡದಲ್ಲಿ, ಊರಿಗೆಲ್ಲ ಕುಡಿಯುವ ನೀರಿನ ಒರತೆ. ಚರಂಡಿ ನೀರು ದರೆಯನ್ನು ಬಳಸಿಕೊಂಡು ನೆಟ್ಟಗೆ ಆಚೆ ಹರಿಯುವ ತೋಡಿಗೆ ಹೋಗುತ್ತದೆ ಎಂದು ಊರವರ ನಂಬಿಕೆ. ನನಗೆ ಮಾತ್ರ ಆ ದರೆಯ ಮೇಲೆ ಮೊದಲಿಂದಲೂ ಗುಮಾನಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬ್ಲಾಕಿನಿಂದ ಗ್ರಾಮಸೇವಕರೊಬ್ಬರು ಬಂದು ಶಾಲೆಯ ಜಗಲಿಯಲ್ಲಿ ಮಳೆನೀರು, ಕ್ರಿಮಿ, ನೈರ್ಮಲ್ಯ ಎಂದು ಚೆನ್ನಾಗಿಯೇ ಮಾತಾಡಿದರು. ಮುಗಿದ ಮೇಲೆ ನನ್ನ ಮಾವ ಅವರಿಗೆ ಒರತೆಯ ನೀರನ್ನೇ ಒಂದು ಲೋಟ ಕೊಟ್ಟರು. ಪಾಪ, ಮರ್ಯಾದಸ್ಥ ಮನುಷ್ಯ, ಪೂರ್ತಿ ಕುಡಿದುಬಿಟ್ಟರು. ಅವರ ಭಾಷಣ ಅಲ್ಲಿಗೆ ನೀರುಪಾಲಾಯಿತು.

ಅದೇ ಮಳೆಗಾಲದಲ್ಲಿ, ಆಗಷ್ಟೇ ಮಾತು ಕಲಿಯುತ್ತಿದ್ದ ನನ್ನ ಮಗಳಿಗೆ ವಾಂತಿಭೇದಿ ಹಿಡಿಯಿತು. ಕಂಬಳಿಯಲ್ಲಿ ಸುತ್ತಿ ಮಡಿಕೇರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಉಳಿದಳು. ಆದರೆ ಮನೆಗೆ ತಂದಾಗ ಎತ್ತಿಕೊಂಡರೆ ಕೈಗೆ ಎಲುಬು ಸಿಗುತ್ತಿತ್ತು. ನಮ್ಮ ಮನೆಗೆ ನೀರು ಕಾಯಿಸಿಕೊಳ್ಳಬಹುದು, ಊರಿಗೆಲ್ಲ ಯಾರು ಕಾಯಿಸುವುದು? ಇನ್ನೊಂದು ಮಳೆಗಾಲ ಬಂದರೆ ಇವಳು ತಡೆಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ವರ್ಷವಿಡೀ ಬಿಡಲಿಲ್ಲ. ಚರಂಡಿ ತಿರುಗಿಸೋಣ ಎಂದು ಮಾವನ ಹತ್ತಿರ ಎಷ್ಟೋ ಸಲ ಹೇಳಿದೆ. ಅವರು ಹೂಂ ಎಂದರೆ ಊರೇ ಹಾರೆ ಹಿಡಿಯುತ್ತಿತ್ತು. ಅವರು ಅನ್ನಲಿಲ್ಲ.

"ಅದ್ ಬೆಟ್ಟದ ಅಡಿಂದ ಬರುವ ನೀರ್. ನನ್ನ ಅಜ್ಜ ಕುಡ್ದ ನೀರ್. ಅದ್‌ಲಿ ಎಂಥ ಕೊಳೆ ಉಟ್ಟು?" ಎಂದು ತಮ್ಮ ಅರೆಭಾಷೆಯಲ್ಲಿ ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಸೊಸೆಯ ಸಿಟ್ಟಿಗೆ ಆ ಮನೆಯಲ್ಲಿ ಪಾತ್ರೆ ತಿಕ್ಕುವುದೊಂದೇ ದಾರಿ. ತಿಕ್ಕಿದೆ.

ಮತ್ತೆ ನಡು ಮಳೆಗಾಲದ ಕಕ್ಕಡ ತಿಂಗಳು ಬಂತು. ಅದರ ಹದಿನೆಂಟನೇ ದಿನ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ತಿಂದವರ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತೆಂದು ಎಲ್ಲರಿಗೂ ಸಮಾಧಾನ. ಸೊಪ್ಪು ಬಿಡಿಸುತ್ತ ಕೂತಿದ್ದಾಗ ನನಗೆ ಹೊಳೆಯಿತು: ಮೈಯೊಳಗೆ ತಾನು ಹೋದ ದಾರಿಯನ್ನು ತೋರಿಸುವ ಸೊಪ್ಪು ಮಣ್ಣೊಳಗಿನ ದಾರಿಯನ್ನೂ ತೋರಿಸಬೇಕಲ್ಲ.

ಅತ್ತೆಗೆ ಹೇಳಿದೆ. ಮದ್ದನ್ನು ಚರಂಡಿಗೆ ಚೆಲ್ಲಿದರೆ ಪಾಪ ಬರುವುದಿಲ್ಲವೇ ಎಂದು ಅವರು ಹಿಂಜರಿದರು. ಮೊದಲ ನೀರು ಪಾಯಸಕ್ಕೇ ಇರಲಿ, ಹೇಗೂ ಗೊಬ್ಬರದ ಗುಂಡಿಗೆ ಹೋಗುವ ದಂಟನ್ನು ಇನ್ನೊಮ್ಮೆ ಕುದಿಸೋಣ ಎಂದೆ. ಅತ್ತೆ ಮೊಮ್ಮಗಳ ಕಡೆ ನೋಡಿದರು. ಆಮೇಲೆ ಬಚ್ಚಲಿನ ಹಂಡೆ ಎಳೆದು ಒಲೆಗೆ ಇಟ್ಟರು. ಅವರು ಇಟ್ಟರೆಂದು ಪಕ್ಕದ ಮನೆಯವರೂ ಇಟ್ಟರು. ಲೈನಿನ ಹೆಂಗಸರು ತೋಟದ ಅಂಚಿನಿಂದ ಹೊರೆಗಟ್ಟಲೆ ಸೊಪ್ಪು ತಂದು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಊರಿಡೀ ಅದೇ ವಾಸನೆ.

ಊಟವಾದ ಮೇಲೆ ಮಳೆ ಸ್ವಲ್ಪ ಬಿಟ್ಟು ಹೊಳವಾಯಿತು. ಹೆಂಗಸರೆಲ್ಲ ದರೆಯ ಮೇಲುಗಡೆ ಹಂಡೆ, ಚೆರಿಗೆ ಹಿಡಿದು ನಿಂತರು. ನಾನು ಮಾವನನ್ನು ಒರತೆಗೆ ಕರೆದುಕೊಂಡು ಹೋದೆ, ನೀರು ಎಲ್ಲಿ ಉಕ್ಕುತ್ತದೆ ತೋರಿಸಿ ಎಂದು. ಅದನ್ನು ತೋರಿಸುವುದೆಂದರೆ ಅವರಿಗೆ ಬಲು ಖುಷಿ. ಅವರು ಬಗ್ಗಿ ತೋರಿಸುತ್ತಿದ್ದಾಗ ನಾನು ಕೂಗು ಹಾಕಿದೆ. ಮೇಲೆ ಚರಂಡಿಗೆ ಸುರಿದರು.

ಮೊದಲು ಏನೂ ಆಗಲಿಲ್ಲ. ಊರೆದುರು ಮುಖ ಎತ್ತುವುದು ಹೇಗೆಂದು ನಾನು ಯೋಚಿಸತೊಡಗಿದೆ. ಅಷ್ಟರಲ್ಲಿ ದರೆಯ ತೂತೊಂದರಿಂದ ದಾರದಷ್ಟು ನೇರಳೆ ಇಳಿಯಿತು. ಪಕ್ಕದ್ದರಿಂದ ಇನ್ನೊಂದು. ನೋಡನೋಡುತ್ತ ಒರತೆಯೇ ಬಣ್ಣಕ್ಕೆ ತಿರುಗಿತು. ಮಾವ ಬೊಗಸೆಯಲ್ಲಿ ನೀರೆತ್ತಿ ಮೂಸಿದರು. ಬೆಳಗಿನಿಂದ ಅವರದೇ ಅಡುಗೆಮನೆಯಲ್ಲಿ ತುಂಬಿದ್ದ ವಾಸನೆ.

ಬೊಗಸೆಯ ನೀರನ್ನು ಕೆಳಗೆ ಬಿಟ್ಟರು. ಆಮೇಲೆ, "ಹಾರೆ ತಕಂಡ್ ಬಾ. ಎಲ್ಲವ್ಕೂ ಹೇಳ್," ಎಂದರು.

ನಾನು ಓಡಿದೆ. ಅಷ್ಟು ಸಂತೋಷದಿಂದ ನಾನು ಮತ್ತೆಂದೂ ಕೆಸರಿನಲ್ಲಿ ಓಡಿಲ್ಲ. ಮಳೆ ಮತ್ತೆ ಜಡಿಯಿತು, ಯಾರೂ ಮನೆಗೆ ಹೋಗಲಿಲ್ಲ. ಮಳೆಗೆ ತಲೆಯಿಂದ ಬೆನ್ನಿಗೆ ಎಲೆಯ ಗೊರಬೆ ಹೊದ್ದು ಹೆಂಗಸರು ಮಣ್ಣು ಹೊತ್ತರು, ಗಂಡಸರು ಅಗೆದರು, ಲೈನಿನವರು ಕಲ್ಲು ಕಟ್ಟಿದರು. ಕತ್ತಲಾಗುವಷ್ಟರಲ್ಲಿ ಚರಂಡಿ ದರೆಯಿಂದ ದೂರ ಸರಿದು ಗೊಬ್ಬರ ಬೇಕಿದ್ದ ಗದ್ದೆಯ ಕಡೆ ತಿರುಗಿತ್ತು. ಹಟ್ಟಿ ತೊಳೆದ ನೀರಿಗೆ ಮನೆಮನೆಯಲ್ಲೂ ಗುಂಡಿ ತೋಡಬೇಕೆಂದು ಅಲ್ಲೇ ತೀರ್ಮಾನವಾಯಿತು. ತವರಿನ ಬಟ್ಟೆ ಒಗೆಯುವ ಕಲ್ಲಿಗೂ ಒಂದಿಷ್ಟು ಕಸ ಕಮ್ಮಿಯಾಯಿತೆಂದು ನಾನು ಒಳಗೊಳಗೇ ಬೀಗಿದೆ.

ಮುಂದಿನ ಕಕ್ಕಡದಲ್ಲಿ ಯಾರೂ ಹೇಳದೆಯೇ ಹೆಂಗಸರು ದಂಟು ಕುದಿಸಿ ಚರಂಡಿಗೆ ಸುರಿದರು. ಊರೆಲ್ಲ ಒರತೆಯ ಸುತ್ತ ನಿಂತು ಕಾದಿತು. ನೀರು ತಿಳಿಯಾಗಿಯೇ ಉಳಿಯಿತು. ಮಾವ ಒಂದು ಲೋಟ ತುಂಬಿಸಿ, ಗುಂಡುಗುಂಡಗಾಗಿದ್ದ ಮೊಮ್ಮಗಳ ಕೈಗೆ ಮೊದಲು ಕೊಟ್ಟರು. ಅವಳು ಗಟಗಟ ಕುಡಿದು ಲೋಟ ಮುಂದೆ ಹಿಡಿದು, ಇನ್ನೂ ಬೇಕು ಎಂದಳು.