ಹಾರಕದ ಗಂಜಿ

ಇದು ಹೆದರುಪುಕ್ಕಲನ ಕಲ್ಪನೆ ಎಂದು ತಳ್ಳಿಹಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಹೆದರುಪುಕ್ಕಲನೇ. ಎತ್ತು ಒಂದು ಸಲ ಕೆಮ್ಮಿದರೆ ಕೊಟ್ಟಿಗೆಯಲ್ಲೇ ಹಾಸಿಗೆ ಹಾಸುವವನು. ಆದರೆ ಈ ವಯಸ್ಸಿನವರೆಗೆ ನಾನು ಹೆದರಿದ್ದೆಲ್ಲ ನಡೆಯದೇ ಹೋದ ಸಂಗತಿಗಳಿಗೆ. ಇದು ನಡೆಯಿತು. ನಡೆಯುವಾಗ ನನಗೆ ಚೂರೂ ಹೆದರಿಕೆಯಾಗಲಿಲ್ಲ... ಈಗ ಮೈ ಜುಮ್ಮೆನ್ನುವುದು ಅದನ್ನು ನೆನೆದೇ.

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆ ಸಿಗದೆ ಗೆಜ್ಜಲಗೆರೆಯ ನಮ್ಮ ಮನೆಗೆ ಹರಳೆಣ್ಣೆ ಹಣತೆಯೇ ಗತಿಯಾಗಿತ್ತು. ಆ ಮಳೆಗಾಲದಲ್ಲಿ ನನ್ನ ಹೆಂಡತಿ ಜಯಮ್ಮನಿಗೆ ಜ್ವರ ಬಂತು. ಮೂಳೆಮೂಳೆಯನ್ನೂ ಒನಕೆಯಲ್ಲಿ ಕುಟ್ಟಿದಂಥ ನೋವು. ಮದ್ದೂರಿನಿಂದ ಬಂದ ಡಾಕ್ಟರು ಡೆಂಗೂ ಎಂದರು. ಕೆಲವು ದಿನ ಕಳೆದು ಮೈ ತಣ್ಣಗಾಯಿತು. ನಾನು ದೇವರಿಗೆ ಕೈ ಮುಗಿದೆ. ಡಾಕ್ಟರು ಮಾತ್ರ ಮುಖ ಗಂಟಿಕ್ಕಿದರು.

"ಜ್ವರ ಬಿಡ್ತು ಅಂತ ಮೈಮರೀಬೇಡಿ. ಈಗಲೇ ಕಷ್ಟ ಇರೋದು. ಗುಟುಕು ಗುಟುಕಾಗಿ ನೀರು, ಗಂಜಿ ಒಳಗೆ ಹೋಗ್ಬೇಕು. ಈ ರಾತ್ರಿ ಏನೂ ನಿಲ್ಲದಿದ್ರೆ ಬೆಳಗ್ಗೆ ಮಂಡ್ಯಕ್ಕೆ ಕರ್ಕೊಂಡು ಹೋಗಿ. ಆದ್ರೆ ಇವರು ಗಾಡಿ ಕುಲುಕಾಟ ತಡೀತಾರೆ ಅಂತ ನಾನು ಹೇಳಲಾರೆ."

ಜಯಮ್ಮ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ತೆರೆದರೂ ಒಳಗೆ ಹೋದದ್ದು ಹಾಗೇ ವಾಪಸ್ಸು. ಮಗಳನ್ನು ಕಿರುಗಾವಲಿಗೆ ಕೊಟ್ಟಿದ್ದೆವು. ತುಂಬಿದ ಬಸುರಿ, ಜ್ವರದ ಮನೆಗೆ ಕರೆಸುವಂತಿರಲಿಲ್ಲ. ಹಾಗಾಗಿ ಒಲೆಯ ಮುಂದೆ ನಾನೇ. ನನ್ನ ರಾಗಿ ಗಂಜಿ ನೋಡಿ ಪಕ್ಕದ ಮನೆಯ ದೊಡ್ಡವ್ವ ಮೂಗು ಮುರಿದಿದ್ದಳು.

"ಇದ್ಯಾವ್ ಗಂಜಿಲಾ? ಗ್ವಾಡೆ ಮೆತ್ತಕ್ಕೆ ಕಲ್ಸಿದ್ದೀಯಾ?"

ಬೈದುಕೊಂಡೇ ದಿನಾ ಸಂಜೆ ಬಂದು, ಮಕ್ಕಳಿಗೆ ಹಾಲು ಹಾಕುವ ಒಳಲೆಯಲ್ಲಿ ಹನಿಹನಿಯಾಗಿ ನೀರು ಬಿಟ್ಟು ಹೋಗುತ್ತಿದ್ದಳು. ಆ ಸಂಜೆ ಬರಲಿಲ್ಲ.

ಕತ್ತಲಾಯಿತು. ಬಾಗಿಲಿಗೆ ಅಗುಳಿ ಹಾಕಿದೆ. ಹಾಕಿದೆನೋ ಇಲ್ಲವೋ ಎಂದು ಎದ್ದು ಮತ್ತೆ ನೋಡಿದೆ. ಅದು ನನ್ನ ರೋಗ. ಅಡುಗೆಮನೆಯಲ್ಲಿ ಹಸಿ ಸೌದೆಗೆ ಊದುತ್ತಾ ಕೂತೆ. ಕಣ್ಣಲ್ಲಿ ನೀರು, ಹೊಗೆಯದೋ ಬೇರೆಯದೋ. ಹೊರಗೆ ನಾಲೆಯ ಕಡೆಯಿಂದ ಕಪ್ಪೆಗಳ ವಟವಟ...

ನಡುಮನೆಯಲ್ಲಿ ಬಳೆ ಸದ್ದಾಯಿತು.

"ಉಣ್ಣವ್ವ... ಒಂದ್ ಗುಟುಕು ಕಣವ್ವ... ಆಂ... ಅಂಗೆ..."

ಅದರ ಹಿಂದೆಯೇ ಇನ್ನೊಂದು ಸದ್ದು. ಗುಟುಕ್. ಜಯಮ್ಮ ನುಂಗಿದ ಸದ್ದು! ಎಷ್ಟು ಹೊತ್ತಿನಿಂದ ಅದಕ್ಕೇ ಕಿವಿ ಕೊಟ್ಟು ಕಾದಿದ್ದೆನೆಂದರೆ, ಆ ಸಂತೋಷದಲ್ಲಿ ಬೇರೆ ಯಾವ ಯೋಚನೆಯೂ ಹತ್ತಿರ ಸುಳಿಯಲಿಲ್ಲ.

ಗಂಜಿ ಪಾತ್ರೆ ಹಿಡಿದು ಬಾಗಿಲ ಬಳಿ ನಿಂತೆ. ಜಯಮ್ಮನ ತಲೆದೆಸೆಯಲ್ಲಿ ಹೆಂಗಸೊಬ್ಬಳು ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ತಲೆ ತುಂಬ ಸೆರಗು. ಮೊಣಕೈ ಏಳುತ್ತಿತ್ತು, ಇಳಿಯುತ್ತಿತ್ತು. ದೊಡ್ಡವ್ವ ತಡವಾಗಿ ಬಂದಿದ್ದಾಳೆ ಎಂದುಕೊಂಡೆ. ಮನೆಯಲ್ಲೆಲ್ಲ ಒಂದು ವಾಸನೆ... ರಾಗಿ ತುಂಬಿ ನೆಲದಡಿ ಮುಚ್ಚಿಡುವ ಹಗೇವು, ವರ್ಷಗಟ್ಟಲೆ ಮುಚ್ಚಿದ್ದು ಬಾಯಿ ತೆರೆದಾಗ ಬರುತ್ತದಲ್ಲ, ಅಂಥ ಮುಗ್ಗು ಮಣ್ಣಿನ ವಾಸನೆ. ಮಳೆಗಾಲ, ಗೋಡೆ ತೇವ ಎಂದುಕೊಂಡೆ. ಆಗ ಕಪ್ಪೆಗಳು ಸುಮ್ಮನಾಗಿದ್ದವು. ಅದು ನೆನಪಾದದ್ದು ಆಮೇಲೆ.

ಅವಳು ಎದ್ದಳು. ಗೋಡೆಯ ಕಡೆ ಮುಖ ಮಾಡಿಕೊಂಡೇ ನನ್ನನ್ನು ದಾಟಿ ಕತ್ತಲಿದ್ದ ಪಡಸಾಲೆಗೆ ಹೋದಳು.

"ಬತ್ತೀನಿ ಕಣಪ್ಪ."

"ಊಂ ದೊಡ್ಡವ್ವ, ಬಾ. ದಿನಾ ಬಾ. ನೀನ್ ಉಣ್ಸುದ್ರೆ ಉಣ್ತಾಳೆ."

ಅಗುಳಿ ಹಾಕಲು ಹಿಂದೆಯೇ ಹೋದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅಗುಳಿ ಹಾಕಿಯೇ ಇತ್ತು.

ಹಣತೆ ತಂದು ಜಯಮ್ಮನ ಮುಖದ ಬಳಿ ಹಿಡಿದೆ. ಕಣ್ಣು ಬಿಟ್ಟಿದ್ದಳು. ತುಟಿ ಒದ್ದೆ. ತುಟಿಯ ಅಂಚಿಗೆ ಕಾಳೊಂದು ಅಂಟಿತ್ತು.

"ಏನ್ ಉಣ್ಸುದ್ಲು ದೊಡ್ಡವ್ವ?"

"ಆರಕದ್ ಗಂಜಿ... ತಣ್ಣಗಿತ್ತು. ದೊಡ್ಡವ್ವ ಅಲ್ಲ ಅವ್ಳು."

ಅಷ್ಟು ಹೇಳಿ ನಿದ್ದೆ ಹೋದಳು. ಉಂಡದ್ದು ಒಳಗೆ ನಿಂತಿತು. ಬೆಳಗಿನ ಜಾವ ತಾನಾಗಿ ನೀರು ಕೇಳಿದಳು.

ಬೆಳಿಗ್ಗೆ ದೊಡ್ಡವ್ವ ಗಂಟು ಹಿಡಿದುಕೊಂಡು ಬಂದಳು. ನಾನು ಕೇಳಿದ್ದಕ್ಕೆ ನನ್ನನ್ನೇ ಕೆಕ್ಕರಿಸಿ ನೋಡಿದಳು. "ನಾನಾ? ನೆನ್ನೆ ಮಳವಳ್ಳಿಲಿ ನನ್ ತಮ್ಮನ್ ಮನೇಲಿ ಬಿದ್ಕಂಡಿದ್ದೆ ಕಣ್ಲಾ. ಈಗ ಆ ಇದ್ದಿಲ್ ಬಸ್ಸಲ್ಲಿ ಸೊಂಟ ಮುರ್ಕಂಡ್ ಬತ್ತಾ ಇವ್ನಿ."

ಕಾಳು ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿದಳು.

"ಆರಕಾನೆಯ. ನಾಲೆ ನೀರ್ ಬಂದು ಎಲ್ರೂ ಬತ್ತ, ಕಬ್ಬು ಅಂತ ನಿಂತ್ ಮ್ಯಾಲೆ ಈ ಊರಲ್ಲಿ ಆರಕ ಬಿತ್ತೋರ್ ಯಾರ್ಲಾ? ಕೋಳಿಗಾಕಕ್ಕೂ ಸಿಕ್ಕಕಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಓಗೋವಾಗ ಏನಂದ್ಲು?"

"ಬತ್ತೀನಿ ಅಂದ್ಲು."

"ನೀನೇನಂದೆ?"

"...ಬಾ ಅಂದೆ. ದಿನಾ ಬಾ ಅಂದೆ."

ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಿನ್ ನಾಲ್ಗೆ ಸೇದೋಗ! ಬಾ ಅಂದ್ಯೇನ್ಲಾ?"

ಹೊರಟವರಿಗೆ ಮತ್ತೇನು ಹೇಳುವುದು? ಹೋಗು ಎಂದು ಯಾವ ಮನೆಯಲ್ಲಿ ಹೇಳುತ್ತಾರೆ?

"ಇವತ್ತು ಮುಸ್ಸಂಜೇಲಿ ವಸ್ಲು ಮ್ಯಾಲೆ ನಿಂತ್ಕಂಡು, ಬರ್ಬ್ಯಾಡ ಕಣವ್ವ ಅಂತ ಅಂದ್ಬುಡು," ಎಂದಳು.

ಮಧ್ಯಾಹ್ನ ಡಾಕ್ಟರು ಬಂದು ನಾಡಿ ಹಿಡಿದು ನೋಡಿ, ಏನು ಕೊಟ್ಟಿರಿ ಎಂದು ಕೇಳಿದರು. ಗಂಜಿ ಎಂದೆ. ಭೇಷ್ ಎಂದು ನನ್ನ ಬೆನ್ನು ತಟ್ಟಿದರು.

ಸಂಜೆ ಹೊಸ್ತಿಲ ಮೇಲೆ ನಿಂತೆ. ಬಾಯಿ ತೆರೆದೆ. ಒಳಗೆ ಜಯಮ್ಮ ಗೋಡೆಗೊರಗಿ ಕೂತು ನೀರು ಕುಡಿಯುತ್ತಿದ್ದಳು. ನಾಳೆ ಇವಳು ಮತ್ತೆ ಮಲಗಿದರೆ? ನನ್ನ ಕೈಯಿಂದ ಉಣ್ಣದೇ ಹೋದರೆ? ಬರಬೇಡ ಎನ್ನಲಿಲ್ಲ. ಒಳಗೆ ಬಂದುಬಿಟ್ಟೆ. ಹೇಳಿದೆ ಎಂದು ದೊಡ್ಡವ್ವನಿಗೆ ಸುಳ್ಳಾಡಿದೆ.

ಆಮೇಲೆ ಎರಡು ಮಳೆಗಾಲ ಏನೂ ಆಗಲಿಲ್ಲ. ನಾನೂ ಹೆಚ್ಚುಕಡಿಮೆ ಮರೆತಿದ್ದೆ.

ಹೋದ ವಾರ ಜಯಮ್ಮನ ಮೈ ಮತ್ತೆ ಬೆಚ್ಚಗಾಯಿತು. ಸುಮ್ಮನೆ ನೆಗಡಿ ಜ್ವರವೇ ಇರಬಹುದು. ಹಾಲು ಕಾಯಿಸಿ ಲೋಟ ಬಾಯಿಗೆ ಹಿಡಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ಬಾಗಿಲ ಕಡೆ ಹೊರಳಿ, ಎಳೆಗೂಸಿನ ಹಾಗೆ ಬಾಯಿ ತೆರೆದುಕೊಂಡು, ಕಾಯುತ್ತಾ ಮಲಗಿದಳು...